ಬಾಡಿಗೆಗೆಂದು ವರ್ತೂರಿನಲ್ಲೊಂದು ಮನೆ

ವರ್ತೂರು ಕೋಡಿಯಿಂದ ಗುಂಜೂರಿನ ಕಡೆಗೆ ಹೊರಟರೆ ಎರಡು ಬಗೆಯ ಬೋರ್ಡುಗಳು ಕಾಣುತ್ತವೆ. ಒಂದು, ಕಬ್ಬಿಣದ ಕಂಬಗಳ ಮೇಲೆ ನಿಂತ ಬಿಲ್ಡರುಗಳ ದೊಡ್ಡ ಫಲಕ: ಈಜುಕೊಳ, ಕ್ಲಬ್ ಹೌಸ್, ವೈಟ್‌ಫೀಲ್ಡಿಗೆ ಇಷ್ಟೇ ನಿಮಿಷ. ಇನ್ನೊಂದು, ಗೇಟಿಗೆ ತಂತಿಯಲ್ಲಿ ಕಟ್ಟಿದ ತಗಡಿನ ತುಂಡು: ಮನೆ ಬಾಡಿಗೆಗಿದೆ, ನೀರಿನ ತೊಂದರೆ ಇಲ್ಲ, ಕೆಳಗೊಂದು ಫೋನ್ ನಂಬರು. ದೊಡ್ಡ ಫಲಕ ಮಾತಾಡುವುದು ಮನೆ ಕೊಳ್ಳುವವರ ಜೊತೆ. ತಗಡು ಮಾತಾಡುವುದು ಆ ಮನೆಯಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆದು, ಬೆಳಿಗ್ಗೆ ಕೆಲಸಕ್ಕೆ ಹೊರಡುವವರ ಜೊತೆ. ಬಾಡಿಗೆಗೆ ಕೊಡಲೆಂದೇ ಮೊದಲ ಸಲ ಮನೆ ಕೊಳ್ಳಲು ಹೊರಟವರು ಸಾಮಾನ್ಯವಾಗಿ ದೊಡ್ಡ ಫಲಕ ಓದಿ ಹಣ ಕೊಡುತ್ತಾರೆ. ಅವರ ಸಾಲ ತೀರಬೇಕಾದದ್ದು ಮಾತ್ರ ಆ ತಗಡಿನ ಬಲದಿಂದ.

ಇಲ್ಲಿನ ಬಾಡಿಗೆಯ ಕಥೆ ಹಳೆಯದೇನಲ್ಲ. ತೊಂಬತ್ತರ ದಶಕದ ಕೊನೆಗೆ ವೈಟ್‌ಫೀಲ್ಡಿನ ಐಟಿಪಿಎಲ್ ಬಾಗಿಲು ತೆರೆದಾಗ ವರ್ತೂರು ಇನ್ನೂ ಕೆರೆ, ಸೊಪ್ಪಿನ ತೋಟ, ಗದ್ದೆಗಳ ಹೋಬಳಿ ಊರು. ಆಮೇಲೆ ಹೊರವರ್ತುಲ ರಸ್ತೆಯಲ್ಲಿ ಟೆಕ್ ಪಾರ್ಕುಗಳು ಬಂದವು, ಸರ್ಜಾಪುರ ರಸ್ತೆ ಬೆಳೆಯಿತು. ಮೂರರ ನಡುವೆ ವರ್ತೂರು ಸಿಕ್ಕಿಕೊಂಡಿತು. 2007ರಲ್ಲಿ ಬಿಬಿಎಂಪಿ ಆದಾಗ ಸುತ್ತಿನ ಹಳ್ಳಿಗಳು ಕಾಗದದ ಮೇಲೆ ನಗರಕ್ಕೆ ಸೇರಿದವು. ಒಳಚರಂಡಿ, ಕಾವೇರಿ ನೀರು, ಅಗಲವಾದ ರಸ್ತೆ ಜೊತೆಗೇ ಬರಲಿಲ್ಲ. ಮನೆಗಳು ಮೊದಲು, ಊರು ಆಮೇಲೆ ಎಂಬ ಈ ಕ್ರಮವೇ ಇಲ್ಲಿನ ಪ್ರತಿಯೊಂದು ಬಾಡಿಗೆ ಲೆಕ್ಕದ ಹಿಂದೆ ಕೂತಿದೆ.

ವರ್ತೂರಿನಲ್ಲಿ ಬಾಡಿಗೆ ತಿನ್ನುವವರು ಎರಡು ಜಾತಿ. ಒಬ್ಬರು ಊರಿನವರು. ಅಜ್ಜನ ಕಾಲದ ಜಮೀನಿನಲ್ಲಿ ಉಳಿದ ತುಂಡಿನ ಮೇಲೆ ಮೂರು ಅಂತಸ್ತು ಎಬ್ಬಿಸಿ, ಮಹಡಿಗೆರಡು ಮನೆ ಮಾಡಿ, ಕೆಳಗೆ ತಾವಿದ್ದು ಮೇಲಿನದನ್ನು ಬಾಡಿಗೆಗೆ ಬಿಟ್ಟವರು. ಇನ್ನೊಬ್ಬರು ಸಂಬಳದವರು. ಹಾಸನದಿಂದಲೋ ದಾವಣಗೆರೆಯಿಂದಲೋ ಬಂದು, ಐಟಿ ಕೆಲಸದಲ್ಲಿ ಹತ್ತು ವರ್ಷ ಕಳೆದು, ತಾವಿರುವ ಮನೆಯ ಸಾಲ ಅರ್ಧ ತೀರುವಷ್ಟರಲ್ಲಿ ‘ಬಾಡಿಗೆಗೆ ಇನ್ನೊಂದು ಇರಲಿ’ ಎಂದು ಬಾಳಗೆರೆಯಲ್ಲೋ ಗುಂಜೂರಿನಲ್ಲೋ ಫ್ಲ್ಯಾಟು ಹುಡುಕುವವರು. ಇಬ್ಬರೂ ತಮ್ಮನ್ನು ಮನೆ ಓನರ್ ಎಂದೇ ಕರೆದುಕೊಳ್ಳುತ್ತಾರೆ. ಲೆಕ್ಕದಲ್ಲಿ ಅವರು ಬೇರೆ ಬೇರೆ ಲೋಕದವರು.

ಮೊದಲು ಸಂಬಳದವರ ಲೆಕ್ಕ ನೋಡೋಣ. ಅಂಕಿಗಳು ಅಂದಾಜಿನವು, ಓದುಗರು ತಮ್ಮ ಅಂಕಿಗಳನ್ನು ಹಾಕಿಕೊಳ್ಳಬಹುದು, ಲೆಕ್ಕದ ಸ್ವಭಾವ ಬದಲಾಗುವುದಿಲ್ಲ.

ಎರಡು ಕೋಣೆಯ ಫ್ಲ್ಯಾಟು, ಬೆಲೆ 90 ಲಕ್ಷ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಒಟ್ಟು ಶೇ 7.6, ಅಂದರೆ 6 ಲಕ್ಷದ 84 ಸಾವಿರ. ಅಡುಗೆಮನೆಯ ಕಪಾಟು, ವಾರ್ಡ್‌ರೋಬು, ಗೀಸರು, ಫ್ಯಾನುಗಳಿಗೆ 4 ಲಕ್ಷ ಎಂದಿಟ್ಟುಕೊಳ್ಳಿ. ಬಾಡಿಗೆಗೆ ಬಿಡುವಷ್ಟರಲ್ಲಿ ಮನೆ ಕೋಟಿ ದಾಟಿತು. ಇನ್ನೂ ಕಟ್ಟುತ್ತಿರುವ ಫ್ಲ್ಯಾಟಾದರೆ ಶೇ 5 ಜಿಎಸ್‌ಟಿ ಬೇರೆ. ಸ್ವಾಧೀನಾನುಭವ ಪತ್ರ, ಅಂದರೆ ಎಲ್ಲರೂ ಓಸಿ ಎನ್ನುವುದು, ಸಿಕ್ಕ ಮನೆಗೆ ಆ ಜಿಎಸ್‌ಟಿ ಇಲ್ಲ.

ಬ್ಯಾಂಕು ಎಷ್ಟು ಕೊಡುತ್ತದೆ? ರಿಸರ್ವ್ ಬ್ಯಾಂಕಿನ ಮಿತಿಯ ಪ್ರಕಾರ ಸಾಲ 30 ಲಕ್ಷದವರೆಗೆ ಇದ್ದರೆ ಆಸ್ತಿ ಮೌಲ್ಯದ ಶೇ 90, 30ರಿಂದ 75 ಲಕ್ಷದವರೆಗೆ ಶೇ 80, ಅದರ ಮೇಲೆ ಶೇ 75. ಮುದ್ರಾಂಕ, ನೋಂದಣಿಯ ಖರ್ಚನ್ನು ಈ ಮೌಲ್ಯಕ್ಕೆ ಸೇರಿಸುವಂತಿಲ್ಲ. ಅದು ಪೂರ್ತಿ ನಿಮ್ಮ ಜೇಬಿನದು. ನಮ್ಮ ಉದಾಹರಣೆಯವರು 65 ಲಕ್ಷ ಸಾಲ ಮಾಡಿದರು, ಶೇ 8.5 ಬಡ್ಡಿ, 20 ವರ್ಷ. ಕಂತು ತಿಂಗಳಿಗೆ 56,400 ರೂಪಾಯಿ. ಕೈಯಿಂದ ಹಾಕಿದ್ದು 36 ಲಕ್ಷದ ಹತ್ತಿರ. ಈ 36 ಲಕ್ಷ ಎಲ್ಲಿಂದ ಬಂತು ಎಂದು ಯಾರೂ ಬರೆಯುವುದಿಲ್ಲ; ಹೆಂಡತಿಯ ಒಡವೆ, ಭವಿಷ್ಯನಿಧಿ, ಊರಿನ ಗದ್ದೆಯ ಪಾಲು, ಕೆಲವು ಸಲ ‘ಒಂದು ವರ್ಷದಲ್ಲಿ ತೀರಿಸಿಬಿಡ್ತೀನಿ’ ಎಂದು ಎತ್ತಿದ ಪರ್ಸನಲ್ ಲೋನ್. ಮುಂಗಡಕ್ಕೂ ಸಾಲವೇ ಆಧಾರವಾದರೆ ಅಲ್ಲಿಗೇ ಪುಸ್ತಕ ಮುಚ್ಚುವುದು ಒಳ್ಳೆಯದು.

ಈಗ ಬಾಡಿಗೆ. ತಿಂಗಳಿಗೆ 30,000 ಎನ್ನಿ, ಮೇಂಟೆನೆನ್ಸು ಬಾಡಿಗೆದಾರರದ್ದು. ವರ್ಷಕ್ಕೆ 12 ತಿಂಗಳ ಬಾಡಿಗೆ ಬರುತ್ತದೆಂದು ಲೆಕ್ಕ ಹಾಕುವವರು ಇನ್ನೂ ಯಾರಿಗೂ ಮನೆ ಕೊಟ್ಟಿಲ್ಲದವರು. ಹಳಬರು ಖಾಲಿ ಮಾಡಿ ಹೊಸಬರು ಬರುವ ನಡುವೆ ತಿಂಗಳು ಕಳೆಯುತ್ತದೆ. ಹನ್ನೊಂದು ತಿಂಗಳಿಗೆ 3.30 ಲಕ್ಷ. ಅದರಲ್ಲಿ ಆಸ್ತಿ ತೆರಿಗೆ, ಸುಣ್ಣಬಣ್ಣ, ನಲ್ಲಿ-ಗೀಸರ್ ರಿಪೇರಿ, ಖಾಲಿ ತಿಂಗಳ ಮೇಂಟೆನೆನ್ಸು ಸೇರಿ 37 ಸಾವಿರ ಕಳೆದರೆ ಕೈಗೆ 2.93 ಲಕ್ಷ. ಹಾಕಿದ ಒಂದು ಕೋಟಿಗೆ ಶೇ 2.9. ಸಾಲದ ಬಡ್ಡಿ ಶೇ 8.5! ವರ್ಷಕ್ಕೆ ಕಟ್ಟುವ ಕಂತು 6.77 ಲಕ್ಷ, ಬಾಡಿಗೆ ಕಳೆದು ಉಳಿದ 3.84 ಲಕ್ಷ, ತಿಂಗಳಿಗೆ 32,000, ಸಂಬಳದಿಂದ ಹೋಗಬೇಕು. ‘ಬಾಡಿಗೆದಾರ ನಮ್ಮ ಸಾಲ ತೀರಿಸುತ್ತಾನೆ’ ಎಂಬ ಮಾತು ಇಲ್ಲಿ ಅರ್ಧಕ್ಕೂ ನಿಜವಲ್ಲ.

ಈ ಮಾತು ಹುಟ್ಟಿದ್ದು ಬೇರೆ ನೆಲದಲ್ಲಿ. ಬಾಡಿಗೆ ಮನೆಯಿಂದ ಶ್ರೀಮಂತರಾಗುವ ಬಗ್ಗೆ ನಮ್ಮ ಹುಡುಗರು ಓದುವ ಪುಸ್ತಕ, ನೋಡುವ ವಿಡಿಯೊಗಳಲ್ಲಿ ಹೆಚ್ಚಿನವು ಅಮೆರಿಕದವು. ಅಲ್ಲಿ ಮೂವತ್ತು ವರ್ಷಕ್ಕೆ ಬಡ್ಡಿ ಕದಲದ ಸಾಲ ಸಿಗುತ್ತದೆ. ಬಾಡಿಗೆ ಏರುತ್ತಾ ಹೋದರೂ ಕಂತು ಹಾಗೇ ನಿಲ್ಲುತ್ತದೆ. ತಿಂಗಳ ಬಾಡಿಗೆ ಮನೆಯ ಬೆಲೆಯ ಶೇ 1ರಷ್ಟು ಬರಬೇಕೆಂಬ ಸೂತ್ರವೂ ಅಲ್ಲಿನದೇ. ಅದನ್ನು ವರ್ತೂರಿಗೆ ತಂದರೆ 90 ಲಕ್ಷದ ಫ್ಲ್ಯಾಟಿಗೆ 90,000 ಬಾಡಿಗೆ ಕೇಳಬೇಕು. ನಮ್ಮಲ್ಲಿ ಸಿಗುವುದು ಅದರ ಮೂರನೇ ಒಂದು ಪಾಲು. ಬಡ್ಡಿಯೂ ಒಂದೇ ಕಡೆ ನಿಲ್ಲುವುದಿಲ್ಲ. 2019ರ ಅಕ್ಟೋಬರಿನಿಂದ ಬ್ಯಾಂಕುಗಳ ಹೊಸ ಗೃಹಸಾಲಗಳ ಚರ ಬಡ್ಡಿ ರಿಸರ್ವ್ ಬ್ಯಾಂಕಿನ ರೆಪೊದಂಥ ಹೊರಗಿನ ದರಕ್ಕೆ ಗಂಟು ಬಿದ್ದಿದೆ. ಶೇ 4ರಲ್ಲಿದ್ದ ರೆಪೊ 2022ರ ಮೇಯಿಂದ 2023ರ ಫೆಬ್ರುವರಿಯೊಳಗೆ ಶೇ 6.5 ಆಯಿತು. ಹಲವರಿಗೆ ಬಡ್ಡಿ ಏರಿದ್ದೇ ಗೊತ್ತಾಗಲಿಲ್ಲ, ಏಕೆಂದರೆ ಕಂತು ಏರಲೇ ಇಲ್ಲ. ಬ್ಯಾಂಕು ಸದ್ದಿಲ್ಲದೆ ವರ್ಷಗಳನ್ನು ಹೆಚ್ಚಿಸಿತ್ತು. ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂದು ಸಾಲಗಾರರನ್ನು ಕೇಳಿ ಎಂದು ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲಿ ಹೇಳಬೇಕಾಯಿತು. 2025ರಲ್ಲಿ ದರ ಮತ್ತೆ ಇಳಿಯಿತು. ಇಳಿದಾಗ ಹಳೆಯ ಕಂತನ್ನೇ ಕಟ್ಟುತ್ತಾ ಹೋದವರೇ ಜಾಣರು. ಚರ ಬಡ್ಡಿಯ ಗೃಹಸಾಲವನ್ನು ಮೊದಲೇ ತೀರಿಸಿದರೆ ವ್ಯಕ್ತಿಗಳಿಗೆ ದಂಡವಿಲ್ಲ.

ಹಾಗಾದರೆ ಜನ ಯಾಕೆ ಕೊಳ್ಳುತ್ತಾರೆ? ಬೆಲೆ ಏರುತ್ತದೆಂದು. ಸರಿ, ಎಷ್ಟು ಏರಬೇಕು? ಹತ್ತು ವರ್ಷ ಕಂತು ಕಟ್ಟಿದ ಮೇಲೆ ಮೇಲಿನ ಸಾಲದಲ್ಲಿ ಇನ್ನೂ 45.5 ಲಕ್ಷ ಬಾಕಿ ಇರುತ್ತದೆ. ಅಷ್ಟರಲ್ಲಿ ಕಟ್ಟಿದ್ದು 67.7 ಲಕ್ಷ, ಅಸಲಿಗೆ ಹೋದದ್ದು 19.5 ಲಕ್ಷ ಮಾತ್ರ. ಬಾಡಿಗೆ ವರ್ಷಕ್ಕೆ ಶೇ 5ರಂತೆ ತಪ್ಪದೆ ಏರಿತೆಂದುಕೊಳ್ಳೋಣ. ಕೈಯಿಂದ ಹಾಕಿದ 36 ಲಕ್ಷವನ್ನೂ ಪ್ರತಿವರ್ಷ ಸಂಬಳದಿಂದ ತುಂಬಿಕೊಟ್ಟದ್ದನ್ನೂ ಬೇರೆಡೆ ಹಾಕಿ ತೆರಿಗೆ ಕಳೆದು ಶೇ 7 ದುಡಿಸಿದ್ದರೆ ಏನಾಗುತ್ತಿತ್ತೋ ಅದಕ್ಕೆ ಸರಿಗಟ್ಟಲು, ಫ್ಲ್ಯಾಟು ಹತ್ತನೆಯ ವರ್ಷ 1 ಕೋಟಿ 70 ಲಕ್ಷದ ಆಸುಪಾಸಿಗೆ ಮಾರಾಟವಾಗಬೇಕು. ಲಾಭದ ಮೇಲಿನ ಶೇ 12.5 ತೆರಿಗೆಯೂ ದಲ್ಲಾಳಿಯ ಕಮಿಷನ್ನೂ ಇದರೊಳಗೆ ಸೇರಿವೆ. ಅಂದರೆ ಬೆಲೆ ವರ್ಷಕ್ಕೆ ಶೇ 6.5ಕ್ಕಿಂತ ಸ್ವಲ್ಪ ಹೆಚ್ಚು, ಹತ್ತು ವರ್ಷ ಸತತವಾಗಿ, ಏರಬೇಕು. ಆಗ ಲಾಭವೂ ಇಲ್ಲ ನಷ್ಟವೂ ಇಲ್ಲ. ಇದು ಆಗದ ಮಾತೇನಲ್ಲ. ಆದರೆ ಹಳೆಯದಾಗುತ್ತಿರುವ ಕಾಂಕ್ರೀಟು, ಪಕ್ಕದಲ್ಲೇ ವರ್ಷವರ್ಷವೂ ಎದ್ದೇಳುವ ಹೊಸ ಗೋಪುರಗಳ ನಡುವೆ ಮಾರಾಟಕ್ಕೆ ನಿಂತಿರುತ್ತದೆ ಎಂಬುದನ್ನು ಮರೆಯಬಾರದು. ಬೆಲೆ ಏರುವುದು ನೆಲಕ್ಕೆ. ಫ್ಲ್ಯಾಟಿನವರ ಪಾಲಿಗೆ ಬರುವ ನೆಲ ಅವಿಭಜಿತ ಪಾಲಿನ ಕೆಲವು ನೂರು ಚದರಡಿ. ಗೋಪುರ ಎತ್ತರವಾದಷ್ಟೂ ಆ ಪಾಲು ಸಣ್ಣದು. ಕ್ರಯಪತ್ರದಲ್ಲಿ ಆ ಅಂಕಿಯನ್ನು ನೋಡದೆ ಸಹಿ ಹಾಕುವವರೇ ಹೆಚ್ಚು.

ತೆರಿಗೆಯ ಆಸರೆಯೂ ಮೊದಲಿನಂತಿಲ್ಲ. ಬಾಡಿಗೆ ಆದಾಯದಲ್ಲಿ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ 30 ನೇರವಾಗಿ ಬಿಟ್ಟುಕೊಡುತ್ತಾರೆ. ಆಮೇಲೆ ಸಾಲದ ಬಡ್ಡಿ ಕಳೆಯಬಹುದು. ನಮ್ಮ ಉದಾಹರಣೆಯಲ್ಲಿ ಮೊದಲ ವರ್ಷದ ಬಡ್ಡಿಯೇ 5.47 ಲಕ್ಷ, ಹಾಗಾಗಿ ಕಾಗದದ ಮೇಲೆ 3.25 ಲಕ್ಷ ನಷ್ಟ. ಹಿಂದೆ ಇಡೀ ನಷ್ಟವನ್ನು ಸಂಬಳದ ಆದಾಯದಿಂದ ಕಳೆಯಬಹುದಿತ್ತು. ಎರಡನೆಯ ಮನೆ ಕೊಳ್ಳಲು ಅದೇ ದೊಡ್ಡ ಆಮಿಷವಾಗಿತ್ತು. 2017ರ ಬಜೆಟ್ಟು ಅದಕ್ಕೆ 2 ಲಕ್ಷದ ಬೇಲಿ ಹಾಕಿತು. ಮಿಕ್ಕದ್ದನ್ನು ಎಂಟು ವರ್ಷದವರೆಗೆ ಮನೆ ಬಾಡಿಗೆಯ ಆದಾಯಕ್ಕೆ ಮಾತ್ರ ಹೊಂದಿಸಿಕೊಳ್ಳಬೇಕು. ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಿಂದ ಒಂದು ರೂಪಾಯಿಯನ್ನೂ ಕಳೆಯುವಂತಿಲ್ಲ. ಈಗ ಬಹುಪಾಲು ಸಂಬಳದಾರರು ಹೊಸ ಪದ್ಧತಿಗೆ ಬಂದಿರುವಾಗ, ‘ಟ್ಯಾಕ್ಸ್ ಉಳಿಯುತ್ತೆ ಸಾರ್’ ಎನ್ನುವ ದಲ್ಲಾಳಿ ಹಳೆಯ ಪಂಚಾಂಗ ಓದುತ್ತಿದ್ದಾನೆ. ತೆರಿಗೆಯದೇ ಇನ್ನೆರಡು ಸಣ್ಣ ಸಂಗತಿ: 50 ಲಕ್ಷ ಮುಟ್ಟಿದ ಅಥವಾ ಮೀರಿದ ಮನೆ ಕೊಳ್ಳುವಾಗ ಮಾರುವವರ ಹಣದಲ್ಲಿ ಶೇ 1 ಹಿಡಿದು ಸರ್ಕಾರಕ್ಕೆ ಕಟ್ಟುವುದು ಕೊಳ್ಳುವವರ ಹೊಣೆ, ತಿಂಗಳ ಬಾಡಿಗೆ 50,000 ಮೀರಿದರೆ ಬಾಡಿಗೆದಾರರು ಶೇ 2 ಹಿಡಿಯಬೇಕು.

ಇನ್ನು ಊರಿನವರ ಲೆಕ್ಕ. ಮೂವತ್ತು-ನಲವತ್ತರ ಸೈಟು, ಅಂದರೆ 1,200 ಚದರಡಿ. ಕೆಳಗೆ ಗಾಡಿ ನಿಲ್ಲಿಸುವ ಜಾಗ, ಮೇಲೆ ಮೂರು ಮಹಡಿ, ಮಹಡಿಗೆರಡರಂತೆ ಆರು ಸಣ್ಣ ಮನೆ. ಕಟ್ಟಲು 55 ಲಕ್ಷ ಎಂದಿಟ್ಟುಕೊಂಡು, ಮನೆಗೆ 15,000 ಬಾಡಿಗೆ ಹಿಡಿದರೆ ತಿಂಗಳಿಗೆ 90,000, ವರ್ಷಕ್ಕೆ 10.8 ಲಕ್ಷ. ಕಟ್ಟಿದ ಖರ್ಚಿಗೆ ಶೇ 20ರ ಹತ್ತಿರ! ನೆಲ ತಾತನದು, ಅದಕ್ಕೆ ಬೆಲೆ ಕಟ್ಟುವವರಿಲ್ಲ. ಅದೇ ನೆಲವನ್ನು ಇವತ್ತು ಒಂದು ಕೋಟಿ ಹತ್ತು ಲಕ್ಷಕ್ಕೆ ಕೊಂಡವರಿಗೆ ಈ ಬಾಡಿಗೆ ಶೇ 6.5ರಷ್ಟಾಗುತ್ತದೆ. ಫ್ಲ್ಯಾಟಿನ ಎರಡು ಪಟ್ಟಿಗಿಂತ ಹೆಚ್ಚೇ. ಒಂದು ಮನೆ ಖಾಲಿಯಾದರೆ ಐದರ ಬಾಡಿಗೆ ಬರುತ್ತಿರುತ್ತದೆ. ಫ್ಲ್ಯಾಟು ಖಾಲಿಯಾದರೆ ಎಲ್ಲವೂ ಖಾಲಿ. ಇದು ಸುಮ್ಮನೆ ಸಿಗುವ ಹೆಚ್ಚುವರಿಯಲ್ಲ. ಸಂಪು ತುಂಬಿಸುವುದು, ಮೋಟರು ಹಾಕುವುದು, ರಾತ್ರಿ ಹನ್ನೊಂದಕ್ಕೆ ಬಂದ ಹುಡುಗರಿಗೆ ಗೇಟು ತೆಗೆಯುವುದು, ಮೇಲಿನವರ ಬಚ್ಚಲು ಸೋರಿ ಕೆಳಗಿನವರು ಬೈದಾಗ ಪ್ಲಂಬರನ್ನು ಹುಡುಕುವುದು, ಇದೆಲ್ಲ ಮನೆಯ ಹೆಂಗಸರ ಸಂಬಳವಿಲ್ಲದ ನೌಕರಿ. ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದುಕೊಂಡು ವರ್ತೂರಿನ ಆರು ಮನೆ ನೋಡಿಕೊಳ್ಳಲು ಆಗುವುದಿಲ್ಲ.

ಮತ್ತೆ, ಇಂಥ ಕಟ್ಟಡಗಳ ಬೆನ್ನಿಗೆ ಖಾತೆಯ ತಕರಾರು ಅಂಟಿಕೊಂಡಿರುತ್ತದೆ. ಕೃಷಿ ಜಮೀನನ್ನು ಪರಿವರ್ತನೆ ಮಾಡಿಸದೆ ತುಂಡು ಮಾಡಿ ಮಾರಿದ ರೆವಿನ್ಯೂ ಸೈಟು, ನಕ್ಷೆ ಮೀರಿ ಎಬ್ಬಿಸಿದ ಮಹಡಿ, ಇಂಥವಕ್ಕೆ ಪಾಲಿಕೆ ಕೊಡುವ ಬಿ ಖಾತೆ. ಅಕ್ರಮ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಒಪ್ಪುವ ಅಕ್ರಮ-ಸಕ್ರಮದಿಂದ ಎಲ್ಲ ಸರಿಹೋಗುತ್ತದೆಂದು ನಂಬಿ ಕೂತವರು ಬಹಳ. ಆ ಯೋಜನೆಗೆ ಸುಪ್ರೀಂ ಕೋರ್ಟು 2017ರ ಜನವರಿಯಲ್ಲೇ ತಡೆ ಕೊಟ್ಟಿತು. ಬಿ ಖಾತೆಯ ಆಸ್ತಿಗೆ ರಾಷ್ಟ್ರೀಕೃತ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ಫೈನಾನ್ಸ್ ಕಂಪನಿಗಳು ಹೆಚ್ಚು ಬಡ್ಡಿಗೆ ಕೊಡುತ್ತವೆ. ಹೀಗೆ ಬ್ಯಾಂಕಿನ ಬಾಗಿಲು ಮುಚ್ಚಿದ ಕಡೆ ಬೆಂಗಳೂರು ತನ್ನದೇ ಸಾಲವನ್ನು ಹುಡುಕಿಕೊಂಡಿದೆ. ಅದರ ಹೆಸರು ಭೋಗ್ಯ, ಈಗಿನ ಬಾಯಲ್ಲಿ ‘ಲೀಸ್’.

ಏಳೂವರೆ ಲಕ್ಷ ಒಟ್ಟಿಗೆ ಕೊಟ್ಟು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಹೊರಡುವಾಗ ಅಷ್ಟೂ ಹಣ ವಾಪಸು ಪಡೆಯುವುದು. ಬಾಡಿಗೆದಾರರಿಗೆ ಬಾಡಿಗೆ ಉಳಿತಾಯ, ಓನರಿಗೆ ಇಡಿಗಂಟು. ಇನ್ನೊಂದು ಮಹಡಿ ಎಬ್ಬಿಸಲು ಅದೇ ಬಂಡವಾಳ. 15,000 ಬಾಡಿಗೆಯ ಮನೆಯನ್ನು ಹೀಗೆ ಕೊಟ್ಟರೆ ವರ್ಷಕ್ಕೆ 1.8 ಲಕ್ಷ ಬಿಟ್ಟುಕೊಟ್ಟಂತೆ. ಏಳೂವರೆ ಲಕ್ಷಕ್ಕೆ ಅದು ಶೇ 24 ಬಡ್ಡಿ, ಊರಿನ ಭಾಷೆಯಲ್ಲಿ ನೂರಕ್ಕೆ ಎರಡು ರೂಪಾಯಿ. ಕೈಸಾಲದ ದರವೇ ಇದು, ಬೇರೆ ವೇಷದಲ್ಲಿ. ಬ್ಯಾಂಕಿನಿಂದ ಶೇ 8.5ಕ್ಕೆ ಸಾಲ ಸಿಗುವವರು ಭೋಗ್ಯಕ್ಕೆ ಕೊಡುವುದು ಮೂರ್ಖತನ. ಅದಕ್ಕಿಂತ ಕೆಟ್ಟದ್ದು, ಬ್ಯಾಂಕಿಗೆ ಅಡವಾಗಿರುವ ಫ್ಲ್ಯಾಟನ್ನು ಬ್ಯಾಂಕಿಗೆ ತಿಳಿಸದೆ ಭೋಗ್ಯಕ್ಕೆ ಕೊಡುವುದು. ಕಂತು ತಪ್ಪಿ 2002ರ ಸರ್ಫೇಸಿ ಕಾಯ್ದೆಯಡಿ ಮನೆ ಹರಾಜಿಗೆ ಬಂದರೆ, ತಲೆಯ ಮೇಲೆ ಸೂರೂ ಇಲ್ಲದೆ ಹಣವೂ ಇಲ್ಲದೆ ಬೀದಿಗೆ ಬೀಳುವವರು ಒಳಗಿದ್ದ ಕುಟುಂಬದವರು.

ಪಿಜಿಯದು ಮೂರನೆಯ ದಾರಿ. ಹಾಸಿಗೆಯ ಲೆಕ್ಕದಲ್ಲಿ ಬಾಡಿಗೆ. ಇಡೀ ಕಟ್ಟಡವನ್ನು ಪಿಜಿ ನಡೆಸುವವರಿಗೆ ಒಟ್ಟಿಗೆ ಕೊಟ್ಟರೆ ತಿಂಗಳಿಗೆ ಒಂದೇ ಮೊತ್ತ, ತಲೆಬಿಸಿ ಕಡಿಮೆ. ತಲೆಗೆ ಕನಿಷ್ಠ 70 ಚದರಡಿ ಇರಬೇಕೆಂದು ಬಿಬಿಎಂಪಿ 2024ರಲ್ಲಿ ನಿಯಮ ಮಾಡಿತು. ಆ ನಿಯಮವನ್ನು ಪ್ರಾಮಾಣಿಕವಾಗಿ ಪಾಲಿಸಿ ಎಷ್ಟು ಹಾಸಿಗೆ ಹಿಡಿಯುತ್ತವೆ ಎಂದು ಎಣಿಸಿದರೆ ದಲ್ಲಾಳಿ ಹೇಳಿದ ಬಾಡಿಗೆ ಬಹಳ ಕಡೆ ಕರಗುತ್ತದೆ. ಹೊಸಬರಿಗೆ ನಾನು ಇದನ್ನು ಹೇಳುವುದಿಲ್ಲ.

ಇಷ್ಟು ಹಣದ ಮಾತು. ಬಾಡಿಗೆ ನಿಂತಿರುವುದು ಮಾತ್ರ ನೀರಿನ ಮೇಲೆ. 2024ರ ಬೇಸಿಗೆಯಲ್ಲಿ ಬೋರುಗಳು ಬತ್ತಿ ಮಹದೇವಪುರದ ಈ ಭಾಗವೆಲ್ಲ ಟ್ಯಾಂಕರಿಗೆ ಕೈಯೊಡ್ಡಿ ನಿಂತಾಗ, ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ಗೊತ್ತುಮಾಡಬೇಕಾಗಿ ಬಂತು. ಆ ತಿಂಗಳುಗಳಲ್ಲಿ ಮೇಂಟೆನೆನ್ಸು ಏರಿತು, ಬಾಡಿಗೆದಾರರು ಒಟ್ಟು ಖರ್ಚು ನೋಡಿ ಬೇರೆ ಕಡೆ ಮನೆ ಹುಡುಕಿದರು. ಆ ವರ್ಷವೇ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು: ದಿನಕ್ಕೆ 77.5 ಕೋಟಿ ಲೀಟರ್, 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದೇ. ಕೊಳವೆ ರಸ್ತೆಗೆ ಬಂದದ್ದು ಬೇರೆ, ನಿಮ್ಮ ಅಪಾರ್ಟ್‌ಮೆಂಟು ಹಣ ಕಟ್ಟಿ ಸಂಪರ್ಕ ತೆಗೆದುಕೊಂಡದ್ದು ಬೇರೆ, ಆ ಸಂಪರ್ಕದಲ್ಲಿ ವಾರಕ್ಕೆಷ್ಟು ದಿನ ನೀರು ಬರುತ್ತದೆ ಎಂಬುದು ಮೂರನೆಯ ಮಾತು. ಮೂರನ್ನೂ ಬೇರೆ ಬೇರೆಯಾಗಿ ಕೇಳಬೇಕು. ಸಂಘದ ಆರು ತಿಂಗಳ ಜಮಾ-ಖರ್ಚಿನ ಪಟ್ಟಿ ಸಿಕ್ಕರೆ ಟ್ಯಾಂಕರಿನ ಸಾಲು ಎಲ್ಲ ಹೇಳಿಬಿಡುತ್ತದೆ.

ನೀರು ಹೆಚ್ಚಾದರೂ ಕಷ್ಟವೇ. ವರ್ತೂರು ಕೆರೆ ನಾನ್ನೂರಕ್ಕೂ ಹೆಚ್ಚು ಎಕರೆಯದು, ಬೆಂಗಳೂರಿನ ಎರಡನೆಯ ದೊಡ್ಡ ಕೆರೆ. ಬೆಳ್ಳಂದೂರಿನ ಕೋಡಿ ಬಿದ್ದ ನೀರು ಇದಕ್ಕೆ, ಇದರದು ದಕ್ಷಿಣ ಪಿನಾಕಿನಿಗೆ. 2015ರಲ್ಲಿ ಕೋಡಿಯ ನೊರೆ ರಸ್ತೆಗೆ ಹಾರಿ ಸ್ಕೂಟರಿನವರ ಮುಖಕ್ಕೆ ಬಡಿಯುತ್ತಿದ್ದ ಚಿತ್ರ ದೇಶವೆಲ್ಲ ನೋಡಿತು. ‘ಲೇಕ್ ವ್ಯೂ’ ಎಂದು ಹೆಚ್ಚು ಬೆಲೆ ಕೊಟ್ಟವರ ಕಿಟಕಿಗಳು ಆಗ ವರ್ಷಗಟ್ಟಲೆ ಮುಚ್ಚಿದ್ದವು. ಹೂಳು ತೆಗೆಯುವ ಕೆಲಸ ಆಮೇಲೆ ನಡೆಯಿತು. ಕೆರೆಯ ಸುತ್ತ 75 ಮೀಟರ್ ಕಟ್ಟುವಂತಿಲ್ಲ ಎಂದು ಹಸಿರು ನ್ಯಾಯಮಂಡಳಿ 2016ರ ಮೇಯಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟು 2019ರ ಮಾರ್ಚಿನಲ್ಲಿ ಅದನ್ನು ತೆಗೆದುಹಾಕಿ, ನಗರದ ಮಾಸ್ಟರ್ ಪ್ಲಾನಿನ ಅಳತೆಗೇ ಮರಳಿಸಿತು: ಕೆರೆಗೆ 30 ಮೀಟರ್, ರಾಜಕಾಲುವೆಗೆ ದರ್ಜೆಯಂತೆ 50, 25, 15. ಈ ಮೂರು ವರ್ಷದ ನಡುವೆ ಕೊಂಡವರ, ಮಾರಿದವರ ಎದೆಬಡಿತ ಅವರಿಗೇ ಗೊತ್ತು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಯಮಲೂರು, ಬೆಳ್ಳಂದೂರಿನ ಕೋಟಿಗಟ್ಟಲೆ ಬೆಲೆಯ ಮನೆಗಳವರು ಟ್ರ್ಯಾಕ್ಟರಿನಲ್ಲಿ ಆಚೆ ಬಂದರು. ನಾಲೆ ಎಲ್ಲಿ ಹರಿಯಬೇಕಿತ್ತು ಎಂಬುದು ಕಂದಾಯ ಇಲಾಖೆಯ ಹಳೆಯ ಗ್ರಾಮನಕ್ಷೆಯಲ್ಲಿದೆ, ಬಿಲ್ಡರಿನ ಬ್ರೋಷರಿನಲ್ಲಿ ಇರುವುದಿಲ್ಲ. ನಕ್ಷೆಯ ಮೇಲೆ ಸರ್ವೆ ನಂಬರು ಹುಡುಕಿ ಬೆರಳಿಡುವುದಕ್ಕೆ ಅರ್ಧ ದಿನ ಸಾಕು.

ರಸ್ತೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೇರಳೆ ಮೆಟ್ರೊ 2023ರಲ್ಲಿ ವೈಟ್‌ಫೀಲ್ಡ್ ಕಾಡುಗೋಡಿಗೆ ಬಂತು, ವರ್ತೂರಿನೊಳಗೆ ಬರಲಿಲ್ಲ. ಗುಂಜೂರು, ಸರ್ಜಾಪುರದ ಕಡೆಯ ಗಾಡಿಗಳೆಲ್ಲ ಹಳೆಯ ವರ್ತೂರಿನ ಇಕ್ಕಟ್ಟಾದ ಬೀದಿಯನ್ನೇ ದಾಟಬೇಕು. ಪಣತ್ತೂರು, ಬಾಳಗೆರೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ನಿಂತು ನೋಡಿದವರು ‘ಟೆಕ್ ಪಾರ್ಕಿಗೆ ಆರು ಕಿಲೋಮೀಟರ್’ ಎಂಬ ಮಾತನ್ನು ಮತ್ತೆ ಆಡುವುದಿಲ್ಲ. ಬಾಡಿಗೆದಾರರು ಕಿಲೋಮೀಟರಿಗೆ ಬಾಡಿಗೆ ಕೊಡುವುದಿಲ್ಲ, ನಿಮಿಷಕ್ಕೆ ಕೊಡುತ್ತಾರೆ.

ಕಾಗದಪತ್ರದಲ್ಲಿ ಮೂಲ ಪತ್ರ, ಮೂವತ್ತು ವರ್ಷದ ಋಣಭಾರ ಪತ್ರ, ಪರಿವರ್ತನೆ ಆದೇಶ, ಅನುಮೋದಿತ ನಕ್ಷೆ, ಓಸಿ, ಇ-ಖಾತೆ ಇವೆಲ್ಲ ಎಲ್ಲ ವಕೀಲರೂ ಹೇಳುವ ಪಟ್ಟಿ. ಈ ಭಾಗಕ್ಕೆ ಒಂದನ್ನು ಸೇರಿಸುತ್ತೇನೆ: ಜಮೀನು ಪರಿಶಿಷ್ಟರಿಗೆ ಮಂಜೂರಾದದ್ದೇ ಎಂದು ನೋಡಿ. ಹಾಗಿದ್ದು ಅನುಮತಿಯಿಲ್ಲದೆ ಕೈಬದಲಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಮಾರಾಟವೇ ನಿಲ್ಲದು. ನಗರಾಡಳಿತ 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳಾಗಿ ಒಡೆದು, ಮಹದೇವಪುರ ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಹೋಯಿತು. ಹಳೆಯ ತೆರಿಗೆ ರಶೀದಿಗಳನ್ನು ಬಿಸಾಡಬೇಡಿ.

ಬಾಡಿಗೆದಾರರ ಜೊತೆಗಿನ ಕರಾರು ಹನ್ನೊಂದು ತಿಂಗಳದ್ದೇ ಏಕೆಂದು ಬಹಳ ಮಂದಿಗೆ ಗೊತ್ತಿಲ್ಲ: ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು, ಅದರ ಖರ್ಚು ತಪ್ಪಿಸುವ ಉಪಾಯವಿದು. ಹತ್ತು ತಿಂಗಳ ಅಡ್ವಾನ್ಸು ಬೆಂಗಳೂರಿನ ಹಳೆಯ ರೂಢಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕೆಂದಿದೆ. ಅಡ್ವಾನ್ಸು ಓನರಿನ ಹಣವಲ್ಲ. ಅದನ್ನು ಕಂತಿಗೆ ಕಟ್ಟಿ, ಬಿಡುವಾಗ ಹೊಸಬರ ಅಡ್ವಾನ್ಸು ಬರಲಿ ಎಂದು ಹಳಬರನ್ನು ಅಲೆಸುವುದು ನಮ್ಮೂರಿನ ನಾಚಿಕೆಗೇಡಿನ ಅಭ್ಯಾಸ. ಜಾತಿ ಕೇಳಿ, ತಿನ್ನುವುದನ್ನು ಕೇಳಿ ಮನೆ ಕೊಡುವವರಿಗೂ ಒಂದು ಮಾತು: ನ್ಯಾಯ ಅನ್ಯಾಯ ಬಿಡಿ, ಅಂಥ ಪ್ರತಿಯೊಂದು ಪ್ರಶ್ನೆಯೂ ಮನೆ ಖಾಲಿ ಇರುವ ದಿನಗಳನ್ನು ಹೆಚ್ಚಿಸುತ್ತದೆ.

ಇದೆಲ್ಲಕ್ಕಿಂತ ದೊಡ್ಡದೊಂದು ಅಪಾಯವನ್ನು ಯಾವ ಬ್ಯಾಂಕಿನ ಅರ್ಜಿಯೂ ಕೇಳುವುದಿಲ್ಲ. ಕಂತು ಕಟ್ಟುವ ಸಂಬಳವೂ ಬಾಡಿಗೆ ಕೊಡುವ ಸಂಬಳವೂ ಒಂದೇ ಗೇಟಿನಿಂದ ಬರುತ್ತವೆ. 2020ರ ಮಾರ್ಚಿನ ನಂತರ ಕಂಪನಿಗಳು ಮನೆಯಿಂದಲೇ ಕೆಲಸ ಮಾಡಿ ಎಂದಾಗ ಹುಡುಗರು ಊರಿಗೆ ಹೋದರು, ಪಿಜಿಗಳು ಬರಿದಾದವು, ವರ್ತೂರಿನ ಗೇಟುಗಳಲ್ಲಿ ತಗಡುಗಳು ಸಾಲಾಗಿ ತೂಗಿದವು. ರಿಸರ್ವ್ ಬ್ಯಾಂಕು ಆಗ ಕೊಟ್ಟ ಆರು ತಿಂಗಳ ವಿರಾಮದಲ್ಲಿ ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ. 2022ರಲ್ಲಿ ಕಚೇರಿಗಳು ಕರೆದಾಗ ಬಾಡಿಗೆ ಜಿಗಿಯಿತು, ಎಲ್ಲರೂ 2020ನ್ನು ಮರೆತರು. ಐಟಿಯವರು ಐಟಿಯವರಿಗೆ ಬಾಡಿಗೆಗೆ ಕೊಡಲು ಐಟಿ ಕಾರಿಡಾರಿನಲ್ಲಿ ಸಾಲ ಮಾಡಿ ಮನೆ ಕೊಳ್ಳುವುದೆಂದರೆ, ಮಳೆ ನಂಬಿದ ರೈತ ಪಕ್ಕದ ರೈತನಿಗೆ ಸಾಲ ಕೊಟ್ಟಂತೆ. ಬಾಡಿಗೆ ಬೇಕು, ಬಾಡಿಗೆದಾರರು ಬೇಡ ಎನ್ನುವವರಿಗೆ ಈಗ ರೀಟ್‌ಗಳಿವೆ, ಅಂದರೆ ಕಟ್ಟಡಗಳ ಬಾಡಿಗೆಯನ್ನು ಹೂಡಿಕೆದಾರರಿಗೆ ಹಂಚುವ ಟ್ರಸ್ಟುಗಳು. ದೇಶದ ಮೊದಲನೆಯದು, ಎಂಬೆಸಿ ಆಫೀಸ್ ಪಾರ್ಕ್ಸ್, ಬೆಂಗಳೂರಿನದೇ, ಷೇರುಪೇಟೆಗೆ ಬಂದದ್ದು 2019ರ ಏಪ್ರಿಲಿನಲ್ಲಿ. ಹಂಚಬಹುದಾದ ಹಣದಲ್ಲಿ ಶೇ 90 ಹಂಚಲೇಬೇಕೆಂಬ ನಿಯಮವಿದೆ. ಆದರೆ ಅದರಲ್ಲೂ ದೊಡ್ಡ ಪಾಲು ಹೊರವರ್ತುಲ ರಸ್ತೆಯ ಅಂಥದೇ ಕಚೇರಿಗಳ ಬಾಡಿಗೆ. ಗೇಟು ಬದಲಾಗುವುದಿಲ್ಲ.

ನನ್ನ ತೀರ್ಮಾನ ಇಷ್ಟು. ನೆಲ ಮೊದಲೇ ಇದ್ದವರು, ಖಾತೆ ಸರಿಯಿದ್ದು, ಅಲ್ಲೇ ವಾಸವಿದ್ದರೆ, ನಕ್ಷೆಯ ಮಿತಿಯಲ್ಲಿ ಸಣ್ಣ ಮನೆಗಳನ್ನು ಕಟ್ಟಿ ಬಾಡಿಗೆಗೆ ಬಿಡುವುದು ವರ್ತೂರಿನಲ್ಲಿ ಇವತ್ತಿಗೂ ಒಳ್ಳೆಯ ವ್ಯವಹಾರ. ಸಂಬಳದವರು ಶೇ 70-80 ಸಾಲದ ಮೇಲೆ ಹೊಸ ಗೋಪುರದಲ್ಲಿ ಬಾಡಿಗೆಗೆಂದು ಫ್ಲ್ಯಾಟು ಕೊಳ್ಳುವುದು ಬೆಲೆಯ ಮೇಲಿನ ಜೂಜು. ಬಾಡಿಗೆ ಅದಕ್ಕೆ ಹೊದಿಸಿದ ಶಾಲು. ಕೊಳ್ಳಲೇಬೇಕೆಂದರೆ ಓಸಿ ಇರುವ, ಕಾವೇರಿ ಸಂಪರ್ಕ ಬಂದಿರುವ, ನಾಲ್ಕು ಮಳೆಗಾಲ ಕಂಡಿರುವ ಹಳೆಯ ಸಣ್ಣ ಫ್ಲ್ಯಾಟು ನೋಡಿ, ಅರ್ಧ ಹಣ ಕೈಯಲ್ಲಿಟ್ಟುಕೊಂಡು ಹೋಗಿ. 65ರ ಬದಲು 45 ಲಕ್ಷ ಸಾಲವಾದರೆ ಸಂಬಳದಿಂದ ತುಂಬಬೇಕಾದ್ದು 32,000ದಿಂದ 15,000ದೊಳಗೆ ಇಳಿಯುತ್ತದೆ. ಹನ್ನೆರಡು ಕಂತಿನಷ್ಟು ಹಣ ಬೇರೆ ಖಾತೆಯಲ್ಲಿರಲಿ.

ಮುಂಗಡ ಕೊಡುವ ಮೊದಲು ಆ ಜಾಗಕ್ಕೆ ಎರಡು ಸಲ ಹೋಗಿ, ದಲ್ಲಾಳಿಯಿಲ್ಲದೆ. ಒಂದು, ದೊಡ್ಡ ಮಳೆ ಬಿದ್ದ ಮರುದಿನ ಬೆಳಿಗ್ಗೆ. ಇನ್ನೊಂದು, ಏಪ್ರಿಲಿನ ಮಧ್ಯಾಹ್ನ. ಈ ವಾರ ಎಷ್ಟು ಟ್ಯಾಂಕರು ಬಂತಪ್ಪಾ ಎಂದು ವಾಚ್‌ಮನ್ನನ್ನು ಕೇಳಿ. ಅವನಿಗೆ ಸುಳ್ಳು ಹೇಳಿ ಆಗಬೇಕಾದ್ದೇನೂ ಇಲ್ಲ.